ಕಿರಣಕ್ಕೆ ಅಂಟಿದ ಧೂಳು

ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ ನಿಘಂಟಿನಲ್ಲಿ ‘ಕಿರಣ’ ಹುಡುಕಿದವರಿಗೆ ಮೊದಲು ಸಿಗುವ ಅರ್ಥ ಧೂಳು. ಅತಿ ನುಣ್ಣನೆಯ ಧೂಳು ಎಂದು ಬರೆದು, ಪಕ್ಕದಲ್ಲಿ ಋಗ್ವೇದವನ್ನು ಸೂಚಿಸಿ, ಆಮೇಲಷ್ಟೇ ಅವರು ಬೆಳಕಿನ ಕಡೆ ತಿರುಗುತ್ತಾರೆ. ಋಗ್ವೇದದ ನಾಲ್ಕನೆಯ ಮಂಡಲದಲ್ಲಿ ದಧಿಕ್ರಾ ಎಂಬ ಓಟದ ಕುದುರೆಯನ್ನು ಹೊಗಳುವ ಸೂಕ್ತವೊಂದಿದೆ. ಅಲ್ಲಿ ಧೂಳಿನ ಮಾತು ಬಂದಾಗ ‘ರೇಣು’ವಿನ ಬೆನ್ನಿಗೇ ‘ಕಿರಣ’ವೂ ಬರುತ್ತದೆ. ಮೊದಲನೆಯ ಮಂಡಲದಲ್ಲಿ ಇಂದ್ರನ ಭಯಕ್ಕೆ ಬೆಟ್ಟಗಳು ನಡುಗುತ್ತವೆ; ಹೇಗೆಂದರೆ ಕಿರಣಗಳ ಹಾಗೆ. ಬೆಳಕಿನ ಎಳೆಗಳ ಹಾಗೆ ನಡುಗಿದವು ಎಂದರೆ ಅರ್ಥ ಕೂಡುವುದಿಲ್ಲ. ಧೂಳಿನ ಕಣಗಳ ಹಾಗೆ ಎಂದು ಓದಿದರೆ ಸರಿಹೋಗುತ್ತದೆ.

ಮೂಲದಲ್ಲಿರುವುದು ಕೄ ಧಾತು: ಚೆಲ್ಲು, ಎರಚು, ಹರಡು. ಸಂಕೀರ್ಣ, ಪ್ರಕೀರ್ಣ, ಸಂಕರ ಎಲ್ಲ ಇದೇ ಮನೆತನದವು. ಗುಡಿಸಿ ಗುಡ್ಡೆ ಹಾಕಿದ ಕಸಕ್ಕೆ ಸಂಸ್ಕೃತದಲ್ಲಿ ‘ಅವಕರ’ ಎನ್ನುತ್ತಾರೆ. ಶ್ರಾದ್ಧದಲ್ಲಿ ನೆಲಕ್ಕೆ ಚೆಲ್ಲುವ ಅನ್ನ ‘ವಿಕಿರ’. ಕಲಬುರಗಿ ಸೀಮೆಯ ಪ್ರತಿ ಊರಿನಲ್ಲೂ ಇರುವ ಕಿರಾಣಿ ಅಂಗಡಿಯನ್ನು ಮಾತ್ರ ಈ ಪಂಕ್ತಿಯಲ್ಲಿ ಕೂರಿಸಬಾರದು. ಅದು ಕ್ರಯ-ವಿಕ್ರಯದ ಕಡೆಯ ಪದ.

ಧೂಳು ಬೆಳಕಾದದ್ದು ಹೇಗೆ? ಆಳಂದ ತಾಲ್ಲೂಕಿನ ಸರಸಂಬಾದಂಥ ಊರಿನಲ್ಲಿ ಇದಕ್ಕೆ ಪಂಡಿತರನ್ನು ಕೇಳಬೇಕಿಲ್ಲ. ಹಳೆಯ ಮಣ್ಣಿನ ಮಾಳಿಗೆ ಮನೆಯೊಳಗೆ ಮಧ್ಯಾಹ್ನ ಹೋದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಕಾಣುತ್ತದೆ. ಕಾಣುವುದು ನಿಜವಾಗಿ ಬಿಸಿಲಲ್ಲ, ಅದರೊಳಗೆ ಕುಣಿಯುವ ಧೂಳು. ಯಾರಾದರೂ ಕಸ ಗುಡಿಸಿದರೆ ಕೋಲು ದಪ್ಪವಾಗುತ್ತದೆ, ಧೂಳು ಇಳಿದರೆ ಮಾಯವಾಗುತ್ತದೆ. ಧೂಳಿಲ್ಲದ ಗಾಳಿಯಲ್ಲಿ ಬೆಳಕಿನ ದಾರಿ ಪಕ್ಕದಲ್ಲಿ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಒಟ್ಟಿಗೇ ಕಾಣುವಾಗ ಒಂದರ ಹೆಸರು ಇನ್ನೊಂದಕ್ಕೆ ಜಾರಿದ್ದರಲ್ಲಿ ಅಚ್ಚರಿಯೇನು ಎಂದು ನನಗೆ ಅನ್ನಿಸುತ್ತದೆ. ‘ಮರೀಚಿ’ಯ ಕಥೆಯೂ ಹೀಗೇ. ಗಾಳಿಯಲ್ಲಿ ಮಿನುಗುವ ಕಣಕ್ಕೂ ಬೆಳಕಿಗೂ ಅದು ಒಂದೇ ಹೆಸರು.

ಅಮರಕೋಶದ ಕಾಲಕ್ಕೆ ಕಿರಣ ಮೈ ಕೊಡವಿಕೊಂಡು ಉಸ್ರ, ಮಯೂಖ, ಅಂಶು, ಗಭಸ್ತಿಗಳ ಸಾಲಿನಲ್ಲಿ ಬೆಳಕಾಗಿ ನಿಂತುಬಿಟ್ಟಿತ್ತು. ಧೂಳಿನ ಸುಳಿವೇ ಇಲ್ಲ. ಅದೇ ಸಾಲಿನ ‘ರಶ್ಮಿ’ ಮಾತ್ರ ಕುದುರೆಯ ಲಗಾಮು ಎಂಬ ತನ್ನ ಹಳೆಯ ಅರ್ಥವನ್ನೂ ಉಳಿಸಿಕೊಂಡಿತ್ತು. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ಕಿರಣನೂ ರಶ್ಮಿಯೂ ಇದ್ದೇ ಇರುತ್ತಾರೆ. ಹೆಸರಿಟ್ಟ ತಂದೆತಾಯಿಗೆ ಧೂಳಿನ ವಿಷಯ ಹೇಳುವ ಅಗತ್ಯವಿಲ್ಲ.

ಪದ ಧೂಳನ್ನು ಬಿಟ್ಟರೂ ಧರ್ಮಶಾಸ್ತ್ರ ಬಿಡಲಿಲ್ಲ. ಜಾಲಂದ್ರದೊಳಗಿಂದ ಬಿದ್ದ ಬಿಸಿಲಿನಲ್ಲಿ ಕಾಣುವ ಧೂಳಿನ ಕಣಕ್ಕೆ ತ್ರಸರೇಣು ಎಂದು ಹೆಸರು, ಎಲ್ಲ ಪ್ರಮಾಣಗಳಲ್ಲಿ ಅದೇ ಮೊದಲನೆಯದು ಎನ್ನುತ್ತದೆ ಮನುಸ್ಮೃತಿ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಈ ಕೋಷ್ಟಕವಿದೆ. ಎಂಟು ತ್ರಸರೇಣು ಒಂದು ಲಿಕ್ಷಾ, ಅಂದರೆ ಸೀರಿನಷ್ಟು. ಮೂರು ಲಿಕ್ಷಾ ಒಂದು ಕರಿಸಾಸಿವೆ, ಅಂಥ ಮೂರು ಒಂದು ಬಿಳಿಸಾಸಿವೆ. ಆರು ಬಿಳಿಸಾಸಿವೆ ಒಂದು ಜವೆ, ಮೂರು ಜವೆ ಒಂದು ಗುಲಗಂಜಿ. ಇಷ್ಟು ಕಷ್ಟ ಯಾಕೆಂದರೆ ಅಪರಾಧಿಗೆ ಹಾಕುವ ದಂಡವನ್ನು ಬೆಳ್ಳಿ ಬಂಗಾರದಲ್ಲಿ ತೂಗಬೇಕಿತ್ತು. ಈ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ಅವನ ಊರೆಂದು ಗುರುತಿಸಿರುವುದು ಕಲಬುರಗಿ ಜಿಲ್ಲೆಯ ಮರತೂರನ್ನು. ಬಿಸಿಲಕೋಲಿನ ಧೂಳನ್ನು ಕಾನೂನಿನ ಲೆಕ್ಕಕ್ಕೆ ತಂದ ಶ್ಲೋಕಕ್ಕೆ ಅರ್ಥ ಬರೆದವನು ಈ ಬಿಸಿಲನಾಡಿನವನೇ ಎಂಬುದು ನನಗೆ ಖುಷಿಯ ಸಂಗತಿ. ಆ ಸೀಮೆ ಈಗ ಶಹಾಬಾದ್ ಫರ್ಸಿ ಕಲ್ಲಿಗೂ ಸಿಮೆಂಟಿಗೂ ಹೆಸರಾಗಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಮೇಲಿನ ಕೋಷ್ಟಕವನ್ನು ಗುಣಿಸಿದರೆ ಒಂದು ಗುಲಗಂಜಿಗೆ 1,296 ತ್ರಸರೇಣು. ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಭಾಗಿಸಿದರೆ ಒಂದು ತ್ರಸರೇಣು 93 ಮೈಕ್ರೋಗ್ರಾಂ ಆಸುಪಾಸು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರ ನವೆಂಬರಿನಲ್ಲಿ ಹೊರಡಿಸಿದ ಗಾಳಿಯ ಮಾನದಂಡದ ಪ್ರಕಾರ ಪಿಎಂ10, ಅಂದರೆ 10 ಮೈಕ್ರಾನಿನೊಳಗಿನ ಧೂಳು, ದಿನದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ದಾಟಬಾರದು. ಹೆಚ್ಚುಕಡಿಮೆ ಒಂದು ತ್ರಸರೇಣು! ಇದು ಕಾಕತಾಳೀಯ, ಋಷಿಗಳಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಯಾರೂ ವಾಟ್ಸಾಪಿನಲ್ಲಿ ಹಾಕಬೇಡಿ. ಬಿಸಿಲಲ್ಲಿ ಕುಣಿಯುವ ನಿಜವಾದ ಕಣ ಇದಕ್ಕಿಂತ ಎಷ್ಟೋ ಪಾಲು ಹಗುರ, ಅದನ್ನು ತೂಗುವ ತಕ್ಕಡಿಯೂ ಆಗ ಇರಲಿಲ್ಲ. ಆದರೆ ಕಣ್ಣಿಗೆ ಕಾಣುವ ಕೊನೆಯ ಧೂಳಿನಿಂದ ಅಳತೆ ಶುರುವಾಗಬೇಕು, ಅಳತೆಯಿಲ್ಲದೆ ದಂಡವಿಲ್ಲ ಎಂಬ ತಿಳಿವು ಇತ್ತು. ಕನ್ನಡದಲ್ಲಿ ಅಳತೆಯೂ ಪ್ರಮಾಣವೇ, ಸಾಕ್ಷಿಯೂ ಪ್ರಮಾಣವೇ.

ಇನ್ನು ವಿಕಿರಣ. ಸಂಸ್ಕೃತದಲ್ಲಿ ಅದು ಸುಮ್ಮನೆ ಚೆಲ್ಲಾಪಿಲ್ಲಿ ಹರಡುವುದು. 1895ರಲ್ಲಿ ರಾಂಟ್ಜೆನ್ ತನಗೆ ಗುರುತು ಸಿಗದ ಕಿರಣಕ್ಕೆ ಎಕ್ಸ್ ಎಂದ. ನಾವು ಅದನ್ನು ‘ಕ್ಷ-ಕಿರಣ’ ಮಾಡಿಕೊಂಡೆವು, ಜನ ‘ಎಕ್ಸರೇ’ ಎಂದೇ ಉಳಿಸಿಕೊಂಡರು. ಮರುವರ್ಷ ಬೆಕೆರೆಲ್ ಯುರೇನಿಯಂ ತಾನಾಗಿ ಏನನ್ನೋ ಸೂಸುವುದನ್ನು ಕಂಡ. 1899ರಲ್ಲಿ ರುದರ್‌ಫರ್ಡ್ ಅದನ್ನು ಆಲ್ಫಾ, ಬೀಟಾ ಕಿರಣಗಳೆಂದು ಬೇರ್ಪಡಿಸಿದ. ಮುಂದಿನ ವರ್ಷಗಳಲ್ಲಿ ಗೊತ್ತಾಯಿತು, ಬೀಟಾ ಎಂದರೆ ಎಲೆಕ್ಟ್ರಾನ್, ಆಲ್ಫಾ ಎಂದರೆ ಹೀಲಿಯಂ ಪರಮಾಣುವಿನ ಬೀಜ. ಕಿರಣ ಎಂದು ಕರೆದದ್ದು ಮತ್ತೆ ಕಣವೇ ಆಯಿತು. ತಮಿಳರು ವಿಕಿರಣಕ್ಕೆ ‘ಕದಿರ್‌ವೀಚ್ಚು’ ಎನ್ನುತ್ತಾರೆ. ಆ ಕದಿರು ಹಳಗನ್ನಡದಲ್ಲೂ ಇದೆ, ನಾವು ಕೈಬಿಟ್ಟೆವು. ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದವರ ಬಾಯಲ್ಲಿ ವಿಕಿರಣವೂ ಇಲ್ಲ ಕದಿರೂ ಇಲ್ಲ, ‘ಕರೆಂಟ್ ಕೊಡ್ತಾರ’ ಅನ್ನುತ್ತಾರೆ. ಪಠ್ಯದ ಪದಕ್ಕಿಂತ ಅದೇ ಬೇಗ ತಿಳಿಯುತ್ತದೆ.

ವಿಕಿರಣ ಈ ಭಾಗಕ್ಕೆ ಪುಸ್ತಕದ ಮಾತಷ್ಟೇ ಅಲ್ಲ. ಹಿಂದೆ ಕಲಬುರಗಿ ಜಿಲ್ಲೆಯಲ್ಲಿದ್ದು ಈಗ ಯಾದಗಿರಿಗೆ ಸೇರಿರುವ ಶಹಾಪುರ ತಾಲ್ಲೂಕಿನ ಗೋಗಿ ಆದಿಲ್‌ಶಾಹಿ ಗೋರಿಗಳ ಊರು. ಅಲ್ಲಿನ ಸುಣ್ಣಕಲ್ಲಿನಲ್ಲೂ ಅದರ ಕೆಳಗಿನ ಬಂಡೆಯಲ್ಲೂ ಪರಮಾಣು ಖನಿಜ ನಿರ್ದೇಶನಾಲಯದವರು ಯುರೇನಿಯಂ ಪತ್ತೆ ಮಾಡಿದರು. ಗಣಿ ಮಾಡುವ ಮಾತು ಬಂದಾಗ ಊರಿನವರು ವಿರೋಧಿಸಿದರು. ಇಂಥ ಹುಡುಕಾಟದಲ್ಲಿ ಬಳಸುವ ಯಂತ್ರದೊಳಗೆ ಸೋಡಿಯಂ ಅಯೊಡೈಡಿನ ಹರಳು ಇರುತ್ತದೆ. ಅದಿರು ಸೂಸುವ ಗಾಮಾ ಎಂಬ ಇನ್ನೊಂದು ಬಗೆಯ ಕಿರಣ ತಾಗಿದಾಗಲೆಲ್ಲ ಅದು ಕ್ಷಣಮಾತ್ರ ಮಿನುಗುತ್ತದೆ, ಯಂತ್ರ ಆ ಮಿನುಗುಗಳನ್ನು ಎಣಿಸುತ್ತದೆ. ನೀರಿಗೆ ಬೇರೆ ಪರೀಕ್ಷೆ: ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಮೀರಬಾರದೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಇದನ್ನೋದಿ, ಅದೂ ಸುಣ್ಣಕಲ್ಲೇ ಎಂದು ಅಂಗಳದ ಫರ್ಸಿಗೆ ಯಾರೂ ಹೆದರಬೇಕಿಲ್ಲ. ಅದಿರು ಕೂಡಿಕೊಂಡದ್ದು ಬಂಡೆ ಬಿರಿದ ಪಟ್ಟಿಯಲ್ಲಿ.

ಕಿರಣದ ಎರಡೂ ಅರ್ಥ ಮತ್ತೆ ಒಂದೇ ಕಡೆ ಕೂಡಿರುವುದು ಗಾಳಿ ಅಳೆಯುವ ಪೆಟ್ಟಿಗೆಯಲ್ಲಿ. ಮೊದಲು ಸೋಸುಕಾಗದವನ್ನು ತೂಗಿ, ಗಾಳಿ ಎಳೆಯುವ ಯಂತ್ರಕ್ಕೆ ಹಾಕಿ, ತೆಗೆದು ಮತ್ತೆ ತೂಗುತ್ತಿದ್ದರು. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ಅಳತೆ. ಆ ಪದ್ಧತಿ ಈಗಲೂ ಇದೆ. ಅದರ ಜೊತೆಗೆ ನಗರಗಳಲ್ಲಿ ಹಗಲು ರಾತ್ರಿ ನಡೆಯುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಬಳಕೆಯ ಒಂದು ಬಗೆ ನಿಮಿಷಕ್ಕೆ 16.7 ಲೀಟರ್, ಅಂದರೆ ಗಂಟೆಗೆ ಒಂದು ಘನಮೀಟರ್ ಗಾಳಿ ಎಳೆಯುತ್ತದೆ. ಧೂಳು ಗಾಜಿನ ನಾರಿನ ಪಟ್ಟಿಯ ಮೇಲೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಕಂದು ಚುಕ್ಕೆಯಾಗಿ ಕೂರುತ್ತದೆ. ಒಂದು ಕಡೆ ಚೂರು ಕಾರ್ಬನ್-14 ಇಟ್ಟಿರುತ್ತಾರೆ, ಇನ್ನೊಂದು ಕಡೆ ಎಣಿಸುವ ಕಣ್ಣು. ಬರಿ ಪಟ್ಟಿಯೊಳಗಿಂದ ಎಷ್ಟು ಬೀಟಾ ದಾಟಿತು, ಧೂಳು ಕೂತ ಮೇಲೆ ಎಷ್ಟು ಕಡಿಮೆಯಾಯಿತು ಎಂಬ ವ್ಯತ್ಯಾಸದಿಂದ ಧೂಳಿನ ತೂಕ ಸಿಗುತ್ತದೆ. ಪಟ್ಟಿ ಮುಂದಕ್ಕೆ ಸರಿಯುತ್ತದೆ, ಮತ್ತೊಂದು ಚುಕ್ಕೆ. ವೇದದ ಕಿರಣವನ್ನು ವಿಜ್ಞಾನದ ಕಿರಣ ತೂಗುತ್ತಿದೆ ಎನ್ನಿ.

2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ನಾಲ್ಕು ನಗರಗಳಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆ ಕಲಬುರಗಿಯೂ ಇತ್ತು. ನಗರದ್ದು ಸರಿ. ತೊಗರಿ ರಾಶಿಯ ದಿನ ಸರಸಂಬಾದ ಹೊಲದಲ್ಲಿ ಮಷಿನ್ ಉಗುಳುವ ಹೊಟ್ಟಿನ ಮುಂದೆ ನಿಂತವರ ಪಾಡೇನು? ಮುಖಕ್ಕೆ ಟವೆಲ್ ಸುತ್ತಿಕೊಂಡು, ಮೈ ಕೆರೆದುಕೊಳ್ಳುತ್ತ, ‘ಧೂಳ ಭಾಳ ಆಗ್ಯಾದ’ ಎಂದು ಕೆಮ್ಮುತ್ತಾರೆ. ‘ಭಾಳ’ ಎಷ್ಟು ಎಂದು ಅಳೆದು ಹೇಳುವವರಿಲ್ಲ. ದೇಶದ ಗಾಳಿ ಅಳೆಯುವ ಜಾಲ ಬಹುಪಾಲು ಪಟ್ಟಣದ್ದು. ಬೀಟಾ ಯಂತ್ರ ದುಬಾರಿ ಎಂಬ ನೆಪವೂ ಈಗ ಪೂರ್ತಿ ನಿಲ್ಲುವುದಿಲ್ಲ. ಅಗ್ಗದ ಸೆನ್ಸರ್‌ಗಳು ಬಂದಿವೆ. ಸಣ್ಣ ಲೇಸರ್ ಕಿರಣದಲ್ಲಿ ಧೂಳು ಹಾದುಹೋಗುವಾಗ ಚೆದುರಿದ ಬೆಳಕನ್ನು ಅವು ಎಣಿಸುತ್ತವೆ, ಬೆಳಕಿಂಡಿಯ ಲೆಕ್ಕವೇ. ಐಐಟಿ ಕಾನ್ಪುರದವರು ಉತ್ತರಪ್ರದೇಶ, ಬಿಹಾರಗಳಲ್ಲಿ ಬ್ಲಾಕ್ ಮಟ್ಟದಲ್ಲಿ ಇವನ್ನು ಹಾಕಿದ್ದಾರೆ. ಆಗಾಗ ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಾಳೆ ನೋಡಬೇಕು, ತೇವದ ಹವೆಯಲ್ಲಿ ಹೆಚ್ಚು ತೋರಿಸುತ್ತವೆ. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು.

2009ರ ಮಾನದಂಡದ ಕೋಷ್ಟಕದ ತಲೆಯ ಮೇಲೇ ‘ಕೈಗಾರಿಕಾ, ವಸತಿ, ಗ್ರಾಮೀಣ ಮತ್ತು ಇತರ ಪ್ರದೇಶ’ ಎಂದು ಬರೆದಿದೆ. ದಿನದ ಸರಾಸರಿ ಪಿಎಂ10ಕ್ಕೆ 100, ಅದಕ್ಕಿಂತ ನುಣ್ಣನೆಯ ಪಿಎಂ2.5ಕ್ಕೆ 60 ಮೈಕ್ರೋಗ್ರಾಂ, ಹಳ್ಳಿಗೂ ಅಷ್ಟೇ. ರಾಶಿಯ ಎರಡು ತಿಂಗಳಾದರೂ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಅಳತೆ ನಡೆಯಲಿ, ಅಂಕಿ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬೀಳಲಿ.