ವೆಬ್ ಅನಲಿಟಿಕ್ಸ್ ಖಾತೆ: ಬಳಕೆದಾರರ ಪ್ರವೇಶ ಮತ್ತು ಅನುಮತಿ

ಜಾಲತಾಣಕ್ಕೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟ ನೋಡಿ ಹೋದರು ಎಂಬ ಲೆಕ್ಕ ಇಡುವ ಸೇವೆಗೆ ವೆಬ್ ಅನಲಿಟಿಕ್ಸ್ ಎಂದು ಹೆಸರು. ಆ ಖಾತೆಯೊಳಗೆ ಯಾರನ್ನು ಬಿಡಬೇಕು, ಬಂದವರು ಬರೀ ಅಂಕಿಅಂಶ ನೋಡಬಹುದೇ, ಸೆಟ್ಟಿಂಗ್ ಬದಲಿಸಬಹುದೇ, ಇನ್ನೊಬ್ಬರನ್ನು ಸೇರಿಸಬಹುದೇ ಎಂದು ಗೊತ್ತುಪಡಿಸುವುದೇ ಪ್ರವೇಶ ಮತ್ತು ಅನುಮತಿ ನಿರ್ವಹಣೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಹೆಚ್ಚು ಕೊಡಬಾರದು ಎಂಬುದು ಇದರ ತಳಹದಿ. ಕಂಪ್ಯೂಟರ್ ಸುರಕ್ಷತೆಯಲ್ಲಿ ಈ ತತ್ವವನ್ನು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಅಧಿಕಾರವನ್ನು ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಟ್ಟು, ವ್ಯಕ್ತಿಯನ್ನು ಆ ಪಾತ್ರದಲ್ಲಿ ಕೂರಿಸುವ ಮಾದರಿಯನ್ನು 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ವಿವರಿಸಿದರು. ಇಂದಿನ ಅನಲಿಟಿಕ್ಸ್ ಸೇವೆಗಳು ಬಹುಪಾಲು ಇದೇ ದಾರಿಯಲ್ಲಿವೆ.

ಹೆಚ್ಚು ಬಳಕೆಯಲ್ಲಿರುವುದು ಗೂಗಲ್ ಅನಲಿಟಿಕ್ಸ್. ಅರ್ಚಿನ್ ಎಂಬ ಕಂಪನಿಯನ್ನು ಕೊಂಡ ಗೂಗಲ್ 2005ರ ನವೆಂಬರಿನಲ್ಲಿ ಇದನ್ನು ಆರಂಭಿಸಿತು. ಈಗ ಚಾಲ್ತಿಯಲ್ಲಿರುವ ನಾಲ್ಕನೆಯ ಆವೃತ್ತಿ 2020ರ ಅಕ್ಟೋಬರಿನಲ್ಲಿ ಬಂತು. ಇದರಲ್ಲಿ ಮೇಲೆ ಖಾತೆ, ಅದರ ಕೆಳಗೆ ಪ್ರಾಪರ್ಟಿಗಳು. ಒಂದು ಸಂಸ್ಥೆಗೆ ಒಂದು ಖಾತೆ, ಅದರ ಒಂದೊಂದು ಜಾಲತಾಣ ಅಥವಾ ಆ್ಯಪಿಗೆ ಒಂದೊಂದು ಪ್ರಾಪರ್ಟಿ ಎಂಬುದು ರೂಢಿ. ಅನುಮತಿಯನ್ನು ಎರಡೂ ಹಂತಗಳಲ್ಲಿ ಕೊಡಬಹುದು.

ಪಾತ್ರಗಳಲ್ಲಿ ಎಲ್ಲಕ್ಕೂ ಕೆಳಗಿನದು ವ್ಯೂವರ್. ಅವರು ವರದಿ ನೋಡಬಹುದು, ಹೋಲಿಸಿ ನೋಡಬಹುದು, ಬದಲಿಸುವಂತಿಲ್ಲ. ಅನಲಿಸ್ಟ್ ಆದವರು ತಂಡದವರೊಂದಿಗೆ ಹಂಚಿಕೊಳ್ಳುವ ವಿಶ್ಲೇಷಣೆಗಳನ್ನು ರಚಿಸಿ ತಿದ್ದಬಹುದು. ಮಾರ್ಕೆಟರ್‌ಗೆ ಇದರ ಜೊತೆಗೆ ಜಾಹೀರಾತಿಗೆ ಬೇಕಾದ ಪ್ರೇಕ್ಷಕ ಗುಂಪುಗಳು ಮತ್ತು ಮುಖ್ಯ ಘಟನೆಗಳ ಮೇಲೂ ಹಿಡಿತವಿರುತ್ತದೆ. ಎಡಿಟರ್ ಬಹುತೇಕ ಎಲ್ಲ ಸೆಟ್ಟಿಂಗ್ ಬದಲಿಸಬಹುದು, ಪ್ರಾಪರ್ಟಿಯನ್ನೇ ಕಸದಬುಟ್ಟಿಗೆ ಹಾಕಬಹುದು. ಹಾಗೆ ಹಾಕಿದ್ದು 35 ದಿನಗಳವರೆಗೆ ಮರಳಿ ಸಿಗುತ್ತದೆ, ಆಮೇಲಿಲ್ಲ. ಬಳಕೆದಾರರನ್ನು ಸೇರಿಸುವ, ತೆಗೆಯುವ ಅಧಿಕಾರ ಮಾತ್ರ ಅಡ್ಮಿನಿಸ್ಟ್ರೇಟರ್‌ಗೆ ಮೀಸಲು. ಇವುಗಳ ಜೊತೆಗೆ ಖರ್ಚಿನ ಅಂಕಿಗಳನ್ನಾಗಲಿ ಆದಾಯದ ಅಂಕಿಗಳನ್ನಾಗಲಿ ಒಬ್ಬರಿಗೆ ಕಾಣಿಸದಂತೆ ಮರೆಮಾಡುವ ಎರಡು ನಿರ್ಬಂಧಗಳೂ ಇವೆ.

ಗೊಂದಲ ಹುಟ್ಟುವುದು ಹಂತಗಳ ನಡುವೆ. ಖಾತೆಯ ಹಂತದಲ್ಲಿ ಕೊಟ್ಟ ಪಾತ್ರ ಅದರಡಿಯ ಎಲ್ಲ ಪ್ರಾಪರ್ಟಿಗಳಿಗೂ ಇಳಿದು ಬರುತ್ತದೆ. ಎರಡು ಕಡೆ ಎರಡು ಪಾತ್ರಗಳಿದ್ದರೆ ಹೆಚ್ಚು ಅಧಿಕಾರದ್ದೇ ನಡೆಯುತ್ತದೆ. ಖಾತೆಯಲ್ಲಿ ಎಡಿಟರ್ ಆಗಿರುವವರನ್ನು ಒಂದು ಪ್ರಾಪರ್ಟಿಯಲ್ಲಿ ವ್ಯೂವರ್ ಎಂದು ನಮೂದಿಸಿದರೆ ಅವರ ಕೈ ಕಟ್ಟಿದಂತಾಗುವುದಿಲ್ಲ, ಅಲ್ಲಿಯೂ ಅವರು ಎಡಿಟರೇ. ಆದ್ದರಿಂದ ಹೊರಗಿನವರನ್ನು ಸೇರಿಸುವಾಗ ಖಾತೆಯ ಹಂತವನ್ನು ಮುಟ್ಟದೆ, ಬೇಕಾದ ಪ್ರಾಪರ್ಟಿಯಲ್ಲಷ್ಟೇ ಸೇರಿಸುವುದು ಸರಿಯಾದ ಕ್ರಮ.

ಹಿಂದಿನ ಆವೃತ್ತಿಯಾದ ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಪ್ರಾಪರ್ಟಿಯ ಕೆಳಗೆ ವ್ಯೂ ಎಂಬ ಮೂರನೆಯ ಹಂತವಿತ್ತು. ಒಂದು ವಿಭಾಗದ ಪುಟಗಳಿಗಷ್ಟೇ ಸೀಮಿತವಾದ ವ್ಯೂ ಮಾಡಿ, ಆ ವಿಭಾಗದವರಿಗೆ ಅದನ್ನು ಮಾತ್ರ ತೋರಿಸಬಹುದಿತ್ತು. ಸಾಮಾನ್ಯ ಪ್ರಾಪರ್ಟಿಗಳಿಗೆ ಆ ಸೇವೆ 2023ರ ಜುಲೈ 1ರಂದು ನಿಂತಿತು. ವ್ಯೂಗೆ ಸಮನಾದ ಉಪಪ್ರಾಪರ್ಟಿ ಸೌಲಭ್ಯ ಈಗ ಹಣ ಕೊಟ್ಟು ಪಡೆಯುವ 360 ಆವೃತ್ತಿಯಲ್ಲಿದೆ. ಉಚಿತ ಆವೃತ್ತಿಯ ಸಣ್ಣ ಸಂಸ್ಥೆಗಳಿಗೆ ಇದು ನಿಜವಾದ ನಷ್ಟ.

ಆ ಕೊರತೆ ತುಂಬಲು ಹಲವರು ಗೂಗಲ್‌ನ ವರದಿ ಸಾಧನವಾದ ಲುಕರ್ ಸ್ಟುಡಿಯೋದಲ್ಲಿ ವರದಿ ಕಟ್ಟಿ ಹಂಚುತ್ತಾರೆ. ವರದಿ ಮಾಡಿದವರ ಅನುಮತಿಯ ಮೇಲೆಯೇ ಅದು ಓಡುವಂತೆ ಇಟ್ಟಿದ್ದರೆ, ಅನಲಿಟಿಕ್ಸ್‌ನಲ್ಲಿ ಹೆಸರೇ ಇಲ್ಲದವರಿಗೂ ಅಂಕಿಗಳು ಕಾಣುತ್ತವೆ. ಖಾತೆಯಿಂದ ತೆಗೆದುಹಾಕಿದ ಉದ್ಯೋಗಿಗೆ ಆ ವರದಿಯ ಬಾಗಿಲು ತೆರೆದೇ ಇರಬಹುದು. ಇತ್ತ ವರದಿ ಮಾಡಿದವರನ್ನೇ ತೆಗೆದರೆ ಅದು ಎಲ್ಲರಿಗೂ ಕೆಟ್ಟು ನಿಲ್ಲುತ್ತದೆ. ಗೂಗಲ್‌ನ ದತ್ತಾಂಶ ಭಂಡಾರವಾದ ಬಿಗ್‌ಕ್ವೆರಿಗೆ ರವಾನೆಯಾದ ಕಚ್ಚಾ ದತ್ತಾಂಶದ ಅನುಮತಿಗಳೂ ಬೇರೆ, ಅವು ಗೂಗಲ್ ಕ್ಲೌಡ್‌ನಲ್ಲಿರುತ್ತವೆ. ಜಾಲತಾಣಕ್ಕೆ ಕೋಡ್ ತುಣುಕುಗಳನ್ನು ಸೇರಿಸುವ ಸಾಧನವಾದ ಟ್ಯಾಗ್ ಮ್ಯಾನೇಜರ್‌ನದು ಮತ್ತೊಂದು ಪಟ್ಟಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಿಗಿಯಾಗಿ ಕಾಯಬೇಕಾದ ಪಟ್ಟಿ ಅದೇ. ಅಲ್ಲಿ ಪ್ರಕಟಿಸುವ ಅಧಿಕಾರ ಇದ್ದವರು ಜಾಲತಾಣದ ಮೇಲೆ ತಮಗೆ ಬೇಕಾದ ಜಾವಾಸ್ಕ್ರಿಪ್ಟ್ ಓಡಿಸಬಲ್ಲರು. ಅನಲಿಟಿಕ್ಸ್‌ನ ಬಳಕೆದಾರರ ಪಟ್ಟಿಯೊಂದನ್ನೇ ನೋಡಿ ಎಲ್ಲ ಭದ್ರವಾಗಿದೆ ಎಂದುಕೊಂಡರೆ ಈ ದಾರಿಗಳೆಲ್ಲ ಕಣ್ಣು ತಪ್ಪುತ್ತವೆ.

ಆ ಪಟ್ಟಿಯಲ್ಲಿ ಮನುಷ್ಯರಲ್ಲದ ಹೆಸರುಗಳೂ ಇರುತ್ತವೆ. ತಂತ್ರಾಂಶವೊಂದು ಎಪಿಐ ಮೂಲಕ ಅಂಕಿಗಳನ್ನು ಎಳೆದುಕೊಳ್ಳಲು ಹೆಚ್ಚಾಗಿ ಸರ್ವಿಸ್ ಅಕೌಂಟ್ ಎಂಬ ಗುರುತನ್ನು ಬಳಸುತ್ತದೆ. ಅದರ ಉದ್ದನೆಯ ಇಮೇಲ್ ವಿಳಾಸ ಬಳಕೆದಾರರ ಸಾಲಿನಲ್ಲೇ ಕಾಣಿಸುತ್ತದೆ. ಯಾರೋ ಅಪರಿಚಿತರೆಂದು ಅಳಿಸಿದರೆ ಮರುದಿನದ ವರದಿ ಬರುವುದಿಲ್ಲ. ಸರ್ವಿಸ್ ಅಕೌಂಟಿಗೆ ಸಾಮಾನ್ಯವಾಗಿ ವ್ಯೂವರ್ ಪಾತ್ರ ಸಾಕು.

ಬರೀ ನೋಡುವ ಅನುಮತಿಯೂ ಹಗುರವಾದದ್ದಲ್ಲ. ಫಾರ್ಮ್ ಸಲ್ಲಿಸಿದ ಮೇಲೆ ತೆರೆಯುವ ಪುಟದ ವಿಳಾಸದಲ್ಲಿ ಗ್ರಾಹಕರ ಇಮೇಲ್ ಅಂಟಿಕೊಂಡಿದ್ದರೆ ಅದು ಹಾಗೆಯೇ ವರದಿಗೆ ಬರಬಹುದು, ಎಲ್ಲ ವ್ಯೂವರ್‌ಗಳ ಕಣ್ಣಿಗೂ ಬೀಳಬಹುದು. ಇಂಥ ಮಾಹಿತಿ ಕಳಿಸುವುದನ್ನು ಗೂಗಲ್‌ನ ನಿಯಮ ನಿಷೇಧಿಸುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ವೈಯಕ್ತಿಕ ದತ್ತಾಂಶ ಸೋರದಂತೆ ತಕ್ಕ ಭದ್ರತೆ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಎಲ್ಲಕ್ಕಿಂತ ದೊಡ್ಡ ತೊಂದರೆ ಒಡೆತನದ್ದು. ಜಾಲತಾಣ ಮಾಡಿಕೊಟ್ಟವರು ತಮ್ಮ ಸ್ವಂತ ಇಮೇಲ್‌ನಲ್ಲೇ ಖಾತೆ ತೆರೆದು, ಸಂಸ್ಥೆಯವರಿಗೆ ನೋಡುವ ಅನುಮತಿಯಷ್ಟೇ ಕೊಡುವುದು ಸಣ್ಣ ಊರುಗಳ ಶಾಲೆ, ಅಂಗಡಿ, ಪತ್ರಿಕೆಗಳ ಮಟ್ಟದಲ್ಲಿ ಸುಲಭವಾಗಿ ನಡೆದುಹೋಗುತ್ತದೆ. ಜಮೀನನ್ನು ಎಷ್ಟು ವರ್ಷ ಉತ್ತರೂ ಪಹಣಿ ಇನ್ನೊಬ್ಬರ ಹೆಸರಿನಲ್ಲಿದ್ದರೆ ಆಗುವ ಪಾಡೇ ಇಲ್ಲಿಯೂ. ಪ್ರಾಪರ್ಟಿಯನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸಬಹುದು, ಆದರೆ ಎರಡೂ ಕಡೆ ಅಧಿಕಾರ ಇದ್ದವರಿಂದ ಮಾತ್ರ. ಅವರು ಕೈಗೆ ಸಿಗದಿದ್ದರೆ ಬಹುಪಾಲು ಹೊಸದಾಗಿ ಖಾತೆ ತೆರೆಯಬೇಕಾಗುತ್ತದೆ, ಹಿಂದಿನ ವರ್ಷಗಳ ಲೆಕ್ಕ ಜೊತೆಗೆ ಬರುವುದಿಲ್ಲ. ಖಾತೆಯನ್ನು ಮೊದಲ ದಿನವೇ ಸಂಸ್ಥೆಯ ಹೆಸರಿನ ಇಮೇಲ್‌ನಲ್ಲಿ ತೆರೆಯಬೇಕು, ಕನಿಷ್ಠ ಇಬ್ಬರು ಅಡ್ಮಿನಿಸ್ಟ್ರೇಟರ್‌ಗಳಿರಬೇಕು, ಕೆಲಸ ಬಿಟ್ಟವರ ಹೆಸರನ್ನು ಅಂದೇ ತೆಗೆಯಬೇಕು. ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಹಂಚಿಕೊಳ್ಳುವ ಅಭ್ಯಾಸವಿದ್ದರೆ ಇದ್ಯಾವುದೂ ಸಾಧ್ಯವಾಗದು; ಬದಲಾವಣೆಗಳ ದಾಖಲೆಯಲ್ಲಿ ಯಾರು ಏನು ಮಾಡಿದರೆಂದೂ ತಿಳಿಯದು.

ಸ್ವಂತ ಸರ್ವರ್‌ನಲ್ಲಿ ನಡೆಸಬಹುದಾದ ಮಟೋಮೊದ ಕ್ರಮ ಬೇರೆ. 2007ರಲ್ಲಿ ಪಿವಿಕ್ ಎಂಬ ಹೆಸರಿನಿಂದ ಹುಟ್ಟಿ, 2018ರಲ್ಲಿ ಈಗಿನ ಹೆಸರು ಪಡೆದ ಈ ಮುಕ್ತ ತಂತ್ರಾಂಶದಲ್ಲಿ ಒಂದೊಂದು ಜಾಲತಾಣಕ್ಕೂ ವ್ಯೂ, ರೈಟ್, ಅಡ್ಮಿನ್ ಎಂಬ ಮೂರು ಪಾತ್ರಗಳು, ಎಲ್ಲದರ ಮೇಲೆ ಸೂಪರ್ ಯೂಸರ್. ಬೇಕೆಂದರೆ ಲಾಗಿನ್ ಇಲ್ಲದ ಸಾರ್ವಜನಿಕರಿಗೂ ವರದಿ ತೋರಿಸಬಹುದು. ಸೂಪರ್ ಯೂಸರ್ ಪಾಸ್‌ವರ್ಡ್ ಕಳೆದುಹೋದರೂ ಡೇಟಾಬೇಸ್ ಮೂಲಕ ಅದನ್ನು ಬದಲಿಸಿ ಖಾತೆಯನ್ನು ಮರಳಿ ಪಡೆಯಬಹುದು. ಅದೇ ಕಾರಣಕ್ಕೆ, ಡೇಟಾಬೇಸಿನ ಪಾಸ್‌ವರ್ಡ್ ಗೊತ್ತಿರುವವರನ್ನು ಮಟೋಮೊದ ಯಾವ ಪಾತ್ರವೂ ತಡೆಯಲಾರದು.