ಜೂಲಿಯಾ ಕ್ಯಾಮರನ್ ಅವರ ಎರಡು ಲೆನ್ಸ್‌ಗಳು

1839ರಲ್ಲಿ ಡಾಗೆರೆಯ ಛಾಯಾಗ್ರಹಣ ವಿಧಾನ ಲೋಕಕ್ಕೆ ತಿಳಿದಾಗ ಮನುಷ್ಯರ ಮುಖವನ್ನು ಸೆರೆಹಿಡಿಯುವುದೇ ಕಷ್ಟವಾಗಿತ್ತು. ಅಂದಿನ ಲೆನ್ಸ್ ಒಳಗೆ ಬಿಡುತ್ತಿದ್ದ ಬೆಳಕು ಅಷ್ಟು ಕಡಿಮೆ. ಮರುವರ್ಷ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಲೆನ್ಸ್ ಅದರ ಹತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಟ್ಟಿತು. ಆದರೆ ಚಿತ್ರದ ನಡುಭಾಗ ಸ್ಪಷ್ಟವಾಗಿ ಮೂಡಿದರೆ ಅಂಚುಗಳು ಕರಗಿಹೋಗುತ್ತಿದ್ದವು. ವೇಗಕ್ಕಾಗಿ ಒಪ್ಪಿಕೊಂಡ ಈ ಕೊರತೆಯನ್ನು ಭಾವದ ಸಾಧನವಾಗಿ ಬೆಳೆಸಿದವರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಮುಖ್ಯರು. ಕಲ್ಕತ್ತೆಯಲ್ಲಿ ಹುಟ್ಟಿದ ಅವರಿಗೆ ಮೊದಲ ಕ್ಯಾಮೆರಾ ಸಿಕ್ಕಿದ್ದು 1863ರ ಕೊನೆಯಲ್ಲಿ, 48ನೇ ವಯಸ್ಸಿನಲ್ಲಿ, ಮಗಳ ಉಡುಗೊರೆಯಾಗಿ. ಅದರ ಲೆನ್ಸ್ ಪೆಟ್ಸ್‌ವಾಲ್ ಮಾದರಿಯದು.

ಅವರ ಚಿತ್ರಗಳ ಮಬ್ಬನ್ನು ಲಂಡನ್ನಿನ ಛಾಯಾಗ್ರಾಹಕರು ಅಜಾಗರೂಕತೆಯೆಂದು ಹಳಿದರು. ಮೊದಲ ಯಶಸ್ಸುಗಳು ಆಕಸ್ಮಿಕವೆಂದು ಕ್ಯಾಮರನ್ ಅವರೇ ಬರೆದಿದ್ದಾರೆ. ಫೋಕಸ್ ಮಾಡುತ್ತ ಹೋಗಿ ಕಣ್ಣಿಗೆ ಚೆಲುವೆನಿಸಿದಲ್ಲಿ ಕೈ ನಿಲ್ಲಿಸಿದೆ ಎಂದೂ ಹೇಳಿದ್ದಾರೆ. ಈ ಎರಡನೆಯ ಮಾತಿಗೆ 1866 ಸಾಕ್ಷಿ. ಆ ವರ್ಷ ಅವರು ಡಾಲ್‌ಮೇಯರ್ ಕಂಪನಿಯ 30 ಅಂಗುಲ ನಾಭಿದೂರದ ಹೊಸ ಲೆನ್ಸನ್ನೂ 15×12 ಅಂಗುಲದ ಪ್ಲೇಟ್ ಹಿಡಿಸುವ ಕ್ಯಾಮೆರಾವನ್ನೂ ತರಿಸಿಕೊಂಡರು. ಅಂಚಿನವರೆಗೂ ಹೆಚ್ಚು ಸಮನಾಗಿ ಚಿತ್ರ ಮೂಡಿಸುವ ಲೆನ್ಸ್ ಅದು. ಆದರೂ ಮಬ್ಬು ಹೋಗಲಿಲ್ಲ, ಅದರ ಜಾಗ ಬದಲಾಯಿತು. ಅಷ್ಟು ಉದ್ದದ ಲೆನ್ಸನ್ನು ಹತ್ತಿರದಿಂದ ಬಳಸಿದಾಗ ಮುಖದ ಒಂದು ತೆಳುವಾದ ಪದರವಷ್ಟೇ ಸ್ಪಷ್ಟವಾಗುತ್ತದೆ. ಅದರ ಹಿಂದುಮುಂದಿನದೆಲ್ಲ ಮೃದುವಾಗುತ್ತದೆ. ಖಗೋಳವಿಜ್ಞಾನಿ ಹರ್ಷೆಲ್ ಮತ್ತು ಲೇಖಕ ಕಾರ್ಲೈಲ್ ಅವರ 1867ರ ಚಿತ್ರಗಳಲ್ಲಿ ಮುಖವೇ ಪ್ಲೇಟನ್ನು ಆಳುತ್ತದೆ. ಕತ್ತಲೊಳಗಿಂದ ಎದ್ದು ಬಂದಂತಿರುವ ಆ ಗಾಂಭೀರ್ಯ ಅವರ ಮೊದಲ ವರ್ಷಗಳ ಕೋಮಲ ಚಿತ್ರಗಳಲ್ಲಿಲ್ಲ.

ಇದೆಲ್ಲ ಬೆಳಕಿನ ಕೆಲಸ, ಜೊತೆಗೆ ಕುಳಿತವರು ಅಲುಗಾಡಿದ್ದರ ಫಲ ಎನ್ನಬಹುದು. ಒಂದೇ ಕಡೆಯಿಂದ ಬೀಳುವ ಬೆಳಕಿನ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಕ್ಸ್‌ಪೋಷರ್ ನಿಮಿಷಗಟ್ಟಲೆ ಬೇಕಾದದ್ದು ಪ್ಲೇಟ್ ಮಂದವಾಗಿದ್ದುದರಿಂದ ಮಾತ್ರವಲ್ಲ, ಆ ಲೆನ್ಸ್ ಕಿಂಡಿಯಿಂದ ಬರುವ ಬೆಳಕು ಸಾಲದಿದ್ದುದರಿಂದಲೂ ಹೌದು; ಹಾಗಾಗಿ ಅಲುಗಾಟದಲ್ಲೂ ಲೆನ್ಸಿನ ಕೈಯಿದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಮುಖದ ಅಳತೆಯ ಹೊಂದಾಣಿಕೆಯನ್ನು ತೀರ್ಮಾನಿಸುವುದು ಕ್ಯಾಮೆರಾ ನಿಂತ ದೂರ, ಲೆನ್ಸ್ ಅಲ್ಲ. ಇದು ನಿಜ. ಆದರೆ ಆ ದೂರವನ್ನು ತೀರ್ಮಾನಿಸುವುದು ಯಾವುದು? ಮುಖವನ್ನು ಅದರ ನಿಜಗಾತ್ರದಲ್ಲೇ ಪ್ಲೇಟಿನ ಮೇಲೆ ಮೂಡಿಸಲು 12 ಅಂಗುಲ ನಾಭಿದೂರದ ಲೆನ್ಸಾದರೆ 2 ಅಡಿಯಷ್ಟು ಹತ್ತಿರ ಹೋಗಬೇಕು. ಆಗ ಮೂಗು ಉಬ್ಬಿ, ಕಿವಿ ಹಿಂದೆ ಸರಿಯುತ್ತದೆ. 30 ಅಂಗುಲದ್ದಾದರೆ 5 ಅಡಿ ದೂರದಲ್ಲಿ ನಿಂತರೂ ಅದೇ ಗಾತ್ರ ಸಿಗುತ್ತದೆ, ಹಣೆ, ಕಣ್ಣು, ದವಡೆಗಳ ಘನತೆಯೂ ಉಳಿಯುತ್ತದೆ.