ಹಾರದ ಈಡು

ಆನೆಯ ಎದುರು ನಿಂತು ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ ಏನಾಗುತ್ತದೆ ಎಂಬುದನ್ನು ಜಿ. ಪಿ. ಸ್ಯಾಂಡರ್ಸನ್ ಅನುಭವಿಸಿ ಬರೆದಿದ್ದಾನೆ. ಮೈಸೂರು ಸೀಮೆಯ ಕಾಲುವೆಗಳ ಉಸ್ತುವಾರಿ ನೋಡುತ್ತಿದ್ದ ಈ ಇಂಗ್ಲಿಷ್ ಅಧಿಕಾರಿ ಬೀಡುಬಿಟ್ಟಿದ್ದು ಚಾಮರಾಜನಗರದ ಬಳಿ. 1874ರಲ್ಲಿ ಇದೇ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳ ಹಿಂಡನ್ನೇ ಹಿಡಿದವನು. ಒಂದು ಕಾಲಕ್ಕೆ ಅವನ ಕೈಯಲ್ಲಿದ್ದದ್ದು ಹದಿನಾರೂವರೆ ಪೌಂಡ್ ತೂಕದ, ನಾಲ್ಕು ಬೋರಿನ ಒಂಟಿ ನಳಿಗೆಯ ಕೋವಿ. ಒಂದು ಸಲ ಅದರ ತೋಟಾ ಹಾರಲೇ ಇಲ್ಲ. ಎರಡನೇ ನಳಿಗೆ ಇರಲಿಲ್ಲ, ಆನೆ ಮೇಲೆ ಬಂತು. ಜೀವ ಉಳಿದದ್ದು ಅದೃಷ್ಟ. ಆಮೇಲೆ ಅವನು ಹತ್ತೊಂಬತ್ತೂವರೆ ಪೌಂಡ್ ತೂಗುವ ಜೋಡಿ ನಳಿಗೆಯ ಕೋವಿಯನ್ನೇ ಇಂಗ್ಲೆಂಡಿನ ಕೋವಿ ತಯಾರಕ ಗ್ರೀನರ್‌ನಿಂದ ಮಾಡಿಸಿಕೊಂಡ. 1878ರಲ್ಲಿ ಬಂದ ಅವನ ಪುಸ್ತಕದಲ್ಲಿ ಈ ಸಂಗತಿಗೆ ಸಿಕ್ಕಿದ್ದು ಕೆಲವೇ ಸಾಲು.

ಸ್ಯಾಂಡರ್ಸನ್ ಓಡಾಡಿದ ಇದೇ ಸೀಮೆಯಲ್ಲಿ, ತೋಂಟದ ಸಿದ್ಧಲಿಂಗ ಯತಿಗಳ ಹುಟ್ಟೂರಾದ ಹರದನಹಳ್ಳಿ ಚಾಮರಾಜನಗರಕ್ಕೆ ಹತ್ತಿರದಲ್ಲಿದೆ. ದಿವ್ಯಲಿಂಗೇಶ್ವರನ ಗುಡಿಯಿರುವ ಈ ಊರಿನ ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಸತ್ಯಮಂಗಲದ ಕಾಡು. ಕಬ್ಬು, ಅರಿಸಿನ, ಬಾಳೆ ಬೆಳೆಯುವ ಇಂಥ ಕಾಡಂಚಿನ ಹೊಲಗಳಿಗೆ ಹಂದಿ, ಆನೆಗಳ ಕಾಟ ಹೊಸದಲ್ಲ. ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವವನಿಗೆ ಕೋವಿ ಶೋಕಿಯ ವಸ್ತುವಾಗಿರಲಿಲ್ಲ. ಆದ್ದರಿಂದ ಅದು ಯಾವಾಗ ಕೈಕೊಡುತ್ತದೆ ಎಂಬ ತಿಳಿವಳಿಕೆಯೂ ಕೋವಿಯಷ್ಟೇ ಹಳೆಯದು.

ಬತ್ತಿ ಕೋವಿಯ ಕಾಲದಲ್ಲಿ ಮಳೆಯೇ ಶತ್ರು. ಬತ್ತಿ ನಂದಿದರೆ ಮುಗಿಯಿತು. ಚಕಮಕಿ ಕಲ್ಲು ಬಂದ ಮೇಲೆ ಬತ್ತಿಯ ಚಿಂತೆ ಹೋಯಿತು, ಮದ್ದಿನ ಚಿಂತೆ ಉಳಿಯಿತು: ಕಲ್ಲು ಮೊಂಡಾದರೆ ಕಿಡಿ ಇಲ್ಲ, ಕಿಡಿ ಬೀಳುವ ಬಟ್ಟಲಿನ ಮದ್ದು ತೇವವಾದರೆ ಕಿಡಿ ಇದ್ದೂ ಇಲ್ಲ, ಬೆಂಕಿ ಒಳಹೋಗುವ ತೂತಾದ ನಳಿಗೆಯ ಕಿವಿ ಕಟ್ಟಿದ್ದರೆ ಬಟ್ಟಲಲ್ಲಿ ಭುಗ್ಗೆಂದದ್ದು ಒಳಗೆ ಮುಟ್ಟುವುದೇ ಇಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಸುಲ್ತಾನ್ ಮಾಡಿಸಿದ, ಹುಲಿಮುಖ ಕೆತ್ತಿದ ಪಿಸ್ತೂಲುಗಳಿಗೂ ಈ ಮೂರು ಕಾಯಿಲೆ ತಪ್ಪಿದ್ದಲ್ಲ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್, ಬಟ್ಟಲಿನ ಬೆಳಕು ಕಂಡು ಹಕ್ಕಿಗಳು ಹಾರಿಹೋಗುತ್ತವೆ ಎಂದು ಬೇಸತ್ತು, ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದಿಗೆ ಪೇಟೆಂಟ್ ಪಡೆದ. ಅದರಿಂದ ಹುಟ್ಟಿದ್ದು ಕೇಪು. ಮಲೆನಾಡಿನ ಕೇಪಿನ ಕೋವಿ ಆ ವಂಶದ್ದೇ.

ಸಿಡಿಯುವ ಮದ್ದನ್ನು ಅಂಚಿನಲ್ಲೇ ಇಟ್ಟು ಗುಂಡಿನೊಂದಿಗೆ ಒಂದೇ ಲೋಹದ ಕೊಳವೆಯಲ್ಲಿ ಸೇರಿಸುವ ದಾರಿ 1845ರ ಹೊತ್ತಿಗೆ ಪ್ಯಾರಿಸಿನ ಫ್ಲೋಬೇರ್‌ನ ಕೈಯಲ್ಲಿ ತೆರೆಯಿತು. 1857ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಅದನ್ನು ಪುಟ್ಟ ರಿವಾಲ್ವರಿಗೆ ತಂದಿತು. ಇಂದಿಗೂ ಶೂಟಿಂಗ್ ರೇಂಜುಗಳಲ್ಲಿ ಬಳಸುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಇದೇ ರಿಮ್‌ಫೈರ್. ತೋಟಾದ ತಳದಲ್ಲಿ ಮಡಿಸಿದ ಟೊಳ್ಳು ಅಂಚಿರುತ್ತದೆ. ಸಿಡಿಯುವ ಮದ್ದಿನ ಹಸಿ ಕಣಕವನ್ನು ತಳಕ್ಕೆ ಹಾಕಿ ತೋಟಾವನ್ನು ಗರಗರ ತಿರುಗಿಸಿದರೆ ಅದು ಅಂಚಿನೊಳಕ್ಕೆ ಸುತ್ತಲೂ ಹರಡಿಕೊಳ್ಳುತ್ತದೆ. ಹರಡದೆ ಒಂದು ಚೂರು ಜಾಗ ಖಾಲಿ ಉಳಿದು, ಪಿನ್ನು ಅಲ್ಲಿಗೇ ಬಡಿದರೆ ಸದ್ದಿಲ್ಲ. 1860ರ ಹೆನ್ರಿ ರೈಫಲ್ ಮಾಡಿದವರು ಇದನ್ನು ಅರಿತೇ ಅಂಚಿನ ಎರಡು ಕಡೆ ಒಟ್ಟಿಗೆ ಬಡಿಯುವ ಪಿನ್ನು ಇಟ್ಟಿದ್ದರು.

ಹಾಗಾಗಿ ಹಳೆಯ .22 ಪಿಸ್ತೂಲು ಕೈಕೊಟ್ಟರೆ ಬಲ್ಲವರು ಮೊದಲು ನೋಡುವುದು ಪಿಸ್ತೂಲನ್ನಲ್ಲ, ಹಾರದೆ ಉಳಿದ ತೋಟಾವನ್ನು. ಅಂಚಿನ ಮೇಲೆ ಪಿನ್ನಿನ ಗುರುತು ಆಳವಾಗಿದ್ದೂ ಹಾರಿಲ್ಲವೆಂದರೆ ತಪ್ಪು ತೋಟಾದ್ದು. ಗುರುತು ತೆಳುವಾಗಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಪಿನ್ನು ಓಡಾಡುವ ಹಾದಿಯಲ್ಲಿ ವರ್ಷಗಟ್ಟಲೆಯ ಎಣ್ಣೆ ಒಣಗಿ ಅಂಟಾಗಿದೆ. ಸ್ಪ್ರಿಂಗೂ ಪಿನ್ನೂ ಸರಿಯಿದ್ದರೆ ಕಣ್ಣು ತೋಟಾ ಕೂರುವ ಚೇಂಬರಿನ ಕಡೆ ಹೋಗಬೇಕು. ಈ ತೋಟಾದ ಸೀಸದ ಗುಂಡಿಗೆ ಮೇಣ ಸವರಿರುತ್ತಾರೆ. ಮೇಣವೂ ಮಸಿಯೂ ಚೇಂಬರಿನಲ್ಲಿ ಕಟ್ಟಿಕೊಂಡರೆ ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ. ಆಗ ಪಿನ್ನಿನ ಪೆಟ್ಟು ತೋಟಾವನ್ನು ಒಳಕ್ಕೆ ದೂಡುವುದರಲ್ಲೇ ಮುಗಿದುಹೋಗುತ್ತದೆ. ಇನ್ನೊಂದು ಕಾರಣ ಹಿಂದಿನ ಮಾಲೀಕನ ಅಭ್ಯಾಸ. ತೋಟಾ ಇಲ್ಲದೆ ಟಕ್ ಟಕ್ ಎಂದು ಟ್ರಿಗರ್ ಎಳೆಯುತ್ತಿದ್ದರೆ ಎಷ್ಟೋ ಪಿಸ್ತೂಲುಗಳಲ್ಲಿ ಪಿನ್ನು ಚೇಂಬರಿನ ಅಂಚಿಗೇ ಬಡಿದು ಅಲ್ಲಿ ಗುಳಿ ಬೀಳಿಸುತ್ತದೆ. ಆ ಗುಳಿಯ ಜಾಗದಲ್ಲಿ ತೋಟಾದ ಅಂಚಿಗೆ ಆಸರೆಯೇ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಳ್ಳುವವರು ಹೊಳಪು ನೋಡುವ ಬದಲು ಈ ಗುಳಿ ಹುಡುಕುವುದು ಮೇಲು.

ಹಳೆಯ ಪಿಸ್ತೂಲುಗಳ ಮಾತು ನಮ್ಮಲ್ಲಿ ಇಷ್ಟು ಬರಲು ಕಾರಣವಿದೆ. 1980ರ ದಶಕದಿಂದ ವಿದೇಶಿ ಬಂದೂಕುಗಳ ಆಮದಿಗೆ ಬಿಗಿ ನಿರ್ಬಂಧವಿದೆ. ಕ್ರೀಡಾ ಶೂಟರ್‌ಗಳಿಗೆ ಮಾತ್ರ ಒಂದಷ್ಟು ವಿನಾಯಿತಿ. ಉಳಿದವರಿಗೆ ಸಿಗುವ ವಿದೇಶಿ ಮಾಲು ಹೆಚ್ಚಾಗಿ ಕೈಯಿಂದ ಕೈಗೆ ಬಂದದ್ದೇ. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ತಿಂಗಳುಗಟ್ಟಲೆ ಒರೆಸದೆ ಇಟ್ಟ ಯಾವ ಕೋವಿಯೂ ಮೊದಲಿನಂತೆ ಇರುವುದಿಲ್ಲ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಯಲ್ಲಿ ಹಿಡಿದದ್ದು ಇದೇ .22ರ ಒಂಟಿ ಗುಂಡಿನ ಪಿಸ್ತೂಲು. ಸ್ಪರ್ಧೆಗಳಲ್ಲಿ ಹಾರದ ಈಡಿಗೂ ಕಟ್ಟಳೆಯಿದೆ. 25 ಮೀಟರ್ ಪಂದ್ಯದಲ್ಲಿ ಪಿಸ್ತೂಲು ಕೈಕೊಟ್ಟರೆ ಆಟಗಾರ ಅದನ್ನು ಗುರಿಯ ಕಡೆಗೇ ಹಿಡಿದು, ಬಿಚ್ಚದೆ, ಇನ್ನೊಂದು ಕೈ ಎತ್ತಬೇಕು. ಪರೀಕ್ಷಿಸುವುದು ಅಧಿಕಾರಿಯ ಕೆಲಸ. ತಾನೇ ಬಿಚ್ಚಿದರೆ ಆ ಈಡು ಹೋದಂತೆಯೇ.

ಅಟ್ಟಣೆಯ ಕಾವಲುಗಾರನಿಗೂ ಈ ಕಟ್ಟಳೆ ಒಪ್ಪುತ್ತದೆ. ಕೆಲವು ತೋಟಾ ಒಂದೆರಡು ಕ್ಷಣ ತಡೆದು ಸಿಡಿಯುತ್ತವೆ. ಆದ್ದರಿಂದ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ಆಮೇಲಷ್ಟೇ ತೋಟಾ ತೆಗೆಯಬೇಕು. ಒಳಗಿನ ರಿಪೇರಿಯನ್ನು ಊರಿನ ಲೇತ್ ಅಂಗಡಿಗೆ ಕೊಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿಯನ್ನು ಕಸುಬಾಗಿ ಮಾಡುವವನಿಗೂ ಲೈಸೆನ್ಸ್ ಬೇಕು.